ಮನೆಮನೆಯ ಪೆಟ್ಟಿಗೆ, ಸಿಡಿಲಿನ ವಿಳಾಸ

ಮಿಂಚು ಹೊಳೆದ ಕ್ಷಣದಿಂದ ಗುಡುಗು ಕೇಳಿಸುವವರೆಗೆ ಒಂದು, ಎರಡು, ಮೂರು ಎಂದು ಎಣಿಸುವ ರೂಢಿ ಬಹಳ ಹಳೆಯದು. ಶಬ್ದವು ಗಾಳಿಯಲ್ಲಿ ಒಂದು ಕಿಲೋಮೀಟರು ಸಾಗಲು ಸುಮಾರು ಮೂರು ಸೆಕೆಂಡು ಬೇಕಾಗುವುದರಿಂದ, ಎಣಿಕೆಯನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ದೂರದಲ್ಲಿ ಬಿತ್ತೆಂಬುದು ಸ್ಥೂಲವಾಗಿ ತಿಳಿಯುತ್ತದೆ. ಆದರೆ ಈ ಲೆಕ್ಕವು ದೂರವನ್ನು ಹೇಳುತ್ತದೆಯೇ ಹೊರತು ಮಳೆಮೋಡ ಎತ್ತ ಸಾಗುತ್ತಿದೆ ಎಂಬುದನ್ನು ಹೇಳುವುದಿಲ್ಲ. ಅಲ್ಲದೆ ಹದಿನೈದು-ಇಪ್ಪತ್ತು ಕಿಲೋಮೀಟರಿನಾಚೆಯ ಗುಡುಗು ಸಾಮಾನ್ಯವಾಗಿ ಕಿವಿಗೆ ಬೀಳುವುದೇ ಇಲ್ಲ. ಗೋದಾಮಿನ ಅಂಗಳದಲ್ಲಿ ಲಾರಿಗೆ ಸರಕು ತುಂಬುತ್ತಿರುವ ಹಮಾಲರಿಗೆ ಗುಡುಗು ಕೇಳಿಸಿತೆಂದರೆ, ಅವರು ಆಗಲೇ ಸಿಡಿಲು ಬೀಳಬಹುದಾದ ಪ್ರದೇಶದೊಳಗೆ ಇದ್ದಾರೆಂದೇ ಅರ್ಥ.

ಇದು ಉಪೇಕ್ಷಿಸುವ ವಿಷಯವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರದ ವರದಿಯಂತೆ 2022ರಲ್ಲಿ ಭಾರತದಲ್ಲಿ ಪ್ರಕೃತಿ ವಿಕೋಪಗಳಿಂದ ಮೃತಪಟ್ಟವರು 8,060 ಮಂದಿ. ಅವರಲ್ಲಿ ಶೇ. 35.8ರಷ್ಟು ಜನ ಸಿಡಿಲಿಗೆ ಬಲಿಯಾದವರು.

ಸಿಡಿಲು ಎಲ್ಲಿ ಬಿತ್ತೆಂಬುದನ್ನು ನೂರಾರು ಕಿಲೋಮೀಟರು ದೂರದಿಂದ, ಕೆಲವೇ ಸೆಕೆಂಡುಗಳಲ್ಲಿ ತಿಳಿಸುವ ವ್ಯವಸ್ಥೆಗಳು ಜಗತ್ತಿನಲ್ಲಿ ಅನೇಕವಿವೆ. ಅವುಗಳಲ್ಲಿ ಬಹುಪಾಲು ಸರ್ಕಾರಗಳ, ವಿಶ್ವವಿದ್ಯಾಲಯಗಳ ಅಥವಾ ದೊಡ್ಡ ಕಂಪನಿಗಳ ಸ್ವತ್ತು. ಇವುಗಳ ಸಾಲಿಗೆ ಸೇರದ ಒಂದು ವ್ಯವಸ್ಥೆ ಜರ್ಮನಿಯಲ್ಲಿ ಹುಟ್ಟಿತು. ಡ್ಯೂಸೆಲ್‌ಡಾರ್ಫ್ ನಗರದ ಹೈನ್ರಿಕ್ ಹೈನೆ ವಿಶ್ವವಿದ್ಯಾಲಯದಲ್ಲಿ ಗಣಕ ವಿಜ್ಞಾನದ ಪ್ರಾಧ್ಯಾಪಕರಾದ ಏಗೊನ್ ವಾಂಕೆ ಅವರು 2000ರ ದಶಕದಲ್ಲಿ ಆರಂಭಿಸಿದ ಈ ಜಾಲದ ಹೆಸರು ಬ್ಲಿಟ್ಸ್‌ಓರ್ಟುಂಗ್. ಜರ್ಮನ್ ಭಾಷೆಯಲ್ಲಿ ಬ್ಲಿಟ್ಸ್ ಎಂದರೆ ಮಿಂಚು, ಓರ್ಟುಂಗ್ ಎಂದರೆ ನೆಲೆ ಪತ್ತೆ ಹಚ್ಚುವುದು. ಇದರ ಯಂತ್ರಗಳು ಇರುವುದು ಯಾವ ಪ್ರಯೋಗಾಲಯದಲ್ಲೂ ಅಲ್ಲ, ಸಾಮಾನ್ಯ ಗೃಹಸ್ಥರ ಅಟ್ಟದಲ್ಲಿ, ಕಿಟಕಿಯ ಬಳಿ, ತೋಟದ ಮನೆಯಲ್ಲಿ. ಯಂತ್ರದ ಬೆಲೆ ಕೊಟ್ಟವರು ಅವರೇ, ಬೆಸುಗೆ ಹಾಕಿ ಜೋಡಿಸಿದವರು ಅವರೇ, ವಿದ್ಯುತ್ ಮತ್ತು ಅಂತರಜಾಲದ ಖರ್ಚು ಭರಿಸುವವರೂ ಅವರೇ.

ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಇದು ವಿಚಿತ್ರವಾದ ಹೂಡಿಕೆ. ಏಕೆಂದರೆ ಒಬ್ಬನ ಮನೆಯ ಪೆಟ್ಟಿಗೆ ಅವನ ಊರಿನ ಸಿಡಿಲಿಗಿಂತ ದೂರದ ಊರಿನವರ ಸಿಡಿಲಿಗೇ ಹೆಚ್ಚು ಉಪಯುಕ್ತ. ಅದು ಹೇಗೆಂಬುದನ್ನು ತಿಳಿಯಲು ಯಂತ್ರದ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

ಕರಕರ ಸದ್ದಿನ ಮೂಲ

ಮೀಡಿಯಂ ವೇವ್ ರೇಡಿಯೊದಲ್ಲಿ ಕ್ರಿಕೆಟ್ ವೀಕ್ಷಕ ವಿವರಣೆ ಕೇಳುತ್ತಿದ್ದ ತಲೆಮಾರಿಗೆ, ಮಳೆಗಾಲದ ಸಂಜೆಗಳಲ್ಲಿ ಮಾತಿನ ನಡುವೆ ನುಗ್ಗುತ್ತಿದ್ದ ಕರಕರ ಸದ್ದು ಚೆನ್ನಾಗಿ ನೆನಪಿರುತ್ತದೆ. ಅದು ರೇಡಿಯೊದ ದೋಷವಾಗಿರಲಿಲ್ಲ. ಮೋಡದಿಂದ ನೆಲಕ್ಕೆ ಇಳಿಯುವ ಸಿಡಿಲಿನಲ್ಲಿ ಸಾಮಾನ್ಯವಾಗಿ 30,000 ಆಂಪೇರಿನಷ್ಟು ವಿದ್ಯುತ್ತು ಕ್ಷಣಾರ್ಧಕ್ಕಿಂತಲೂ ಎಷ್ಟೋ ಕಡಿಮೆ ಅವಧಿಯಲ್ಲಿ ಹರಿಯುತ್ತದೆ. ಹಲವು ಕಿಲೋಮೀಟರು ಉದ್ದದ ಆ ಮಿಂಚಿನ ಗೆರೆ ಒಂದು ದೊಡ್ಡ ಆಂಟೆನಾದಂತೆ ವರ್ತಿಸಿ ರೇಡಿಯೊ ಅಲೆಗಳನ್ನು ಹೊಮ್ಮಿಸುತ್ತದೆ. ಈ ಅಲೆಗಳಲ್ಲಿ ಅತ್ಯಂತ ಪ್ರಬಲವಾದವು ಸುಮಾರು 10 ಕಿಲೋಹರ್ಟ್ಸ್ ಆಸುಪಾಸಿನವು, ಅಂದರೆ ನಮ್ಮ ರೇಡಿಯೊ ಕೇಂದ್ರಗಳು ಬಳಸುವುದಕ್ಕಿಂತ ತೀರಾ ಕೆಳಗಿನ ಕಂಪನಾಂಕದವು.

ಕೆಳಗಿನ ಕಂಪನಾಂಕದ ಅಲೆಗಳಿಗೆ ಒಂದು ವಿಶೇಷ ಗುಣವಿದೆ. ಕೆಳಗೆ ಭೂಮಿ, ಮೇಲೆ ಸುಮಾರು 60ರಿಂದ 90 ಕಿಲೋಮೀಟರು ಎತ್ತರದಲ್ಲಿರುವ ಅಯಾನುಮಂಡಲ. ಇವೆರಡರ ನಡುವೆ ಅವು ಕಾಲುವೆಯಲ್ಲಿ ನೀರು ಹರಿದಂತೆ ಹರಿಯುತ್ತವೆ. ಬೆಟ್ಟ ಅಡ್ಡ ಬಂದರೂ, ಭೂಮಿಯ ಬಾಗು ಅಡ್ಡ ಬಂದರೂ ನಿಲ್ಲದೆ ಸಾವಿರಾರು ಕಿಲೋಮೀಟರು ಸಾಗುತ್ತವೆ. ಗುಡುಗು ಇಪ್ಪತ್ತು ಕಿಲೋಮೀಟರಿಗೆ ಸೋಲುವ ಕಡೆ ಈ ಅಲೆ ಖಂಡವನ್ನೇ ದಾಟಿ ಹೋಗುತ್ತದೆ. ರಷ್ಯಾದ ವಿಜ್ಞಾನಿ ಅಲೆಕ್ಸಾಂಡರ್ ಪೊಪೊವ್ 1895ರಲ್ಲಿಯೇ ಇಂತಹ ಅಲೆಗಳನ್ನು ಹಿಡಿಯುವ ಯಂತ್ರವನ್ನು ನಿರ್ಮಿಸಿ, ಸೇಂಟ್ ಪೀಟರ್ಸ್‌ಬರ್ಗ್‌ನ ಅರಣ್ಯ ವಿಜ್ಞಾನ ಸಂಸ್ಥೆಯಲ್ಲಿ ಗುಡುಗುಮಳೆಯ ಸೂಚಕವಾಗಿ ಇರಿಸಿದ್ದರು.

ಒಂದೇ ಪೆಟ್ಟಿಗೆ ಏಕೆ ಸಾಲದು

ಸಿಡಿಲಿನ ಅಲೆ ಹಿಡಿಯುವುದು ಕಷ್ಟವಲ್ಲ. ಆಸ್ಟ್ರಿಯಾದ ಕಂಪನಿಯೊಂದು ರೂಪಿಸಿದ ಪುಟ್ಟ ಚಿಪ್ಪು ಬೆರಳ ತುದಿಯಷ್ಟೇ ದೊಡ್ಡದು, ಸುಮಾರು 40 ಕಿಲೋಮೀಟರಿನೊಳಗಿನ ಗುಡುಗುಮಳೆ ಎಷ್ಟು ದೂರದಲ್ಲಿದೆ ಎಂಬುದನ್ನು ಅಂದಾಜು ಮಾಡುತ್ತದೆ. ಆದರೆ ಆ ಅಂದಾಜಿನ ಆಧಾರ ಸಂಕೇತದ ಬಲ ಮಾತ್ರ. ಅಂಗಡಿಗೆ ಬಂದ ಫೋನಿನಲ್ಲಿ ದನಿ ಕ್ಷೀಣವಾಗಿ ಕೇಳಿಸಿದರೆ ಮಾತನಾಡುವವರು ಮೆಲುದನಿಯವರೋ, ಫೋನನ್ನು ದೂರ ಹಿಡಿದಿದ್ದಾರೋ ಹೇಳಲಾಗದು. ಹಾಗೆಯೇ ಸಮೀಪದ ದುರ್ಬಲ ಸಿಡಿಲೂ ದೂರದ ಪ್ರಬಲ ಸಿಡಿಲೂ ಒಂದೇ ಯಂತ್ರದ ಮಟ್ಟಿಗೆ ಒಂದೇ ರೀತಿ ಕಾಣುತ್ತವೆ. ಎರಡು ಸುರುಳಿ ಆಂಟೆನಾಗಳನ್ನು ಪರಸ್ಪರ ಲಂಬವಾಗಿ ಇಟ್ಟರೆ ಅಲೆ ಬಂದ ದಿಕ್ಕೂ ತಿಳಿಯುತ್ತದೆ. ಕೆನಡಾದ ಬೋಲ್ಟೆಕ್ ಸಂಸ್ಥೆಯ ಯಂತ್ರಗಳು ಈ ಬಗೆಯವು. ಆಗಲೂ ದೂರದ ಪ್ರಶ್ನೆ ಅಂದಾಜಿಗೇ ಬಿಟ್ಟದ್ದು.

ವೇಳೆಯ ವ್ಯತ್ಯಾಸದ ಲೆಕ್ಕ

ಬ್ಲಿಟ್ಸ್‌ಓರ್ಟುಂಗ್ ಜಾಲವು ಅಲೆಯ ಬಲವನ್ನೂ ದಿಕ್ಕನ್ನೂ ಮುಖ್ಯವಾಗಿ ಆಶ್ರಯಿಸುವುದಿಲ್ಲ. ಅದು ಕೇಳುವುದು ಒಂದೇ ಪ್ರಶ್ನೆ: ಅಲೆ ಎಷ್ಟು ಹೊತ್ತಿಗೆ ಬಂತು?

ರೇಡಿಯೊ ಅಲೆಯ ವೇಗ ಬೆಳಕಿನ ವೇಗವೇ ಆಗಿದ್ದು, ಅದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ 300 ಕಿಲೋಮೀಟರು ಸಾಗುತ್ತದೆ. ಹತ್ತು ಲಕ್ಷದ ಒಂದು ಭಾಗದಲ್ಲಿ, ಅಂದರೆ ಒಂದು ಮೈಕ್ರೋಸೆಕೆಂಡಿನಲ್ಲಿ, 300 ಮೀಟರು. ಈಗ ಡ್ಯೂಸೆಲ್‌ಡಾರ್ಫ್‌ನಲ್ಲಿ ಒಂದು ಪೆಟ್ಟಿಗೆ, ಮ್ಯೂನಿಕ್‌ನಲ್ಲಿ ಇನ್ನೊಂದು ಪೆಟ್ಟಿಗೆ ಇದೆ ಎಂದು ಭಾವಿಸಬಹುದು. ಒಂದು ಸಿಡಿಲಿನ ಅಲೆ ಎರಡಕ್ಕೂ ಏಕಕಾಲಕ್ಕೆ ತಲುಪಿದರೆ ಸಿಡಿಲು ಬಿದ್ದ ಸ್ಥಳ ಎರಡೂ ನಗರಗಳಿಂದ ಸಮಾನ ದೂರದಲ್ಲಿದೆ. ಡ್ಯೂಸೆಲ್‌ಡಾರ್ಫ್‌ಗೆ ತಲುಪಿ 1,000 ಮೈಕ್ರೋಸೆಕೆಂಡು ಕಳೆದ ಮೇಲೆ ಮ್ಯೂನಿಕ್‌ಗೆ ತಲುಪಿದರೆ, ಆ ಸ್ಥಳ ಮ್ಯೂನಿಕ್‌ಗೆ 300 ಕಿಲೋಮೀಟರಿನಷ್ಟು ಹೆಚ್ಚು ದೂರ. ಸಿಡಿಲು ಯಾವಾಗ ಹುಟ್ಟಿತೆಂಬುದು ಯಾರಿಗೂ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಇಬ್ಬರ ವೇಳೆಗಳ ನಡುವಿನ ವ್ಯತ್ಯಾಸವೇ ಸಾಕು.

ಇಂತಹ ಒಂದು ವ್ಯತ್ಯಾಸಕ್ಕೆ ಹೊಂದುವ ಸ್ಥಳಗಳು ಅನೇಕ. ಅವನ್ನೆಲ್ಲ ನಕ್ಷೆಯ ಮೇಲೆ ಗುರುತಿಸಿ ಸೇರಿಸಿದರೆ ಒಂದು ಬಾಗಿದ ಗೆರೆ ಬರುತ್ತದೆ; ಶಾಲೆಯ ಗಣಿತದಲ್ಲಿ ಅತಿಪರವಲಯ ಎಂದು ಓದಿದ್ದು ಇದನ್ನೇ. ಹ್ಯಾಂಬರ್ಗ್‌ನ ಮೂರನೆಯ ಪೆಟ್ಟಿಗೆಯ ವೇಳೆ ಸೇರಿದರೆ ಇನ್ನೊಂದು ಗೆರೆ ಸಿಗುತ್ತದೆ, ಎರಡು ಗೆರೆಗಳು ಸಂಧಿಸುವಲ್ಲಿ ಸಿಡಿಲಿನ ವಿಳಾಸ. ಆದರೆ ಬಾಗಿದ ಗೆರೆಗಳು ಕೆಲವೊಮ್ಮೆ ಎರಡು ಕಡೆ ಸಂಧಿಸುತ್ತವೆ. ಯಾವುದು ನಿಜವೆಂದು ತೀರ್ಮಾನಿಸಲು ನಾಲ್ಕನೆಯ ಸಾಕ್ಷಿ ಬೇಕು.

ನಾಲ್ಕಕ್ಕೇ ನಿಲ್ಲಿಸಿದರೂ ಸಾಲದು. ಯಾವುದಾದರೂ ಒಂದು ವೇಳೆಯಲ್ಲಿ ದೋಷವಿದ್ದರೆ ಅದನ್ನು ಕಂಡುಹಿಡಿಯುವ ದಾರಿಯೇ ಇರುವುದಿಲ್ಲ. ಲೆಕ್ಕಪತ್ರ ನೋಡುವವರಿಗೆ ಇದು ಪರಿಚಿತ ಸಂಗತಿ: ತಾಳೆ ನೋಡಲು ಎರಡನೆಯ ಪುಸ್ತಕವಿಲ್ಲದ ಕಡೆ ಎಲ್ಲ ಲೆಕ್ಕವೂ ಸರಿಯಾಗಿಯೇ ಕಾಣುತ್ತದೆ. ಎಂಟು, ಹತ್ತು, ಹದಿನೈದು ಕೇಂದ್ರಗಳ ವೇಳೆಗಳು ದೊರೆತಾಗ ಸರ್ವರ್ ಗಣಕವು ಎಲ್ಲಕ್ಕೂ ಅತ್ಯಂತ ಕಡಿಮೆ ವ್ಯತ್ಯಾಸ ಬರುವ ಸ್ಥಳವನ್ನು ಹುಡುಕುತ್ತದೆ, ಉಳಿದವುಗಳೊಡನೆ ಕೂಡದ ವೇಳೆಯನ್ನು ಕೈಬಿಡುತ್ತದೆ. ಡ್ಯೂಸೆಲ್‌ಡಾರ್ಫ್‌ಗೂ ಮ್ಯೂನಿಕ್‌ಗೂ ನೇರ ದೂರ ಸುಮಾರು 485 ಕಿಲೋಮೀಟರು. ಆದ್ದರಿಂದ ಒಂದೇ ಸಿಡಿಲಿಗೆ ಇವೆರಡರ ವೇಳೆಗಳ ವ್ಯತ್ಯಾಸ ಸುಮಾರು 1,600 ಮೈಕ್ರೋಸೆಕೆಂಡು ಮೀರುವಂತಿಲ್ಲ. ಮೀರಿತೆಂದರೆ ಎರಡು ಬೇರೆ ಬೇರೆ ಸಿಡಿಲುಗಳ ಚೀಟಿಗಳು ಒಂದೇ ಕಡತಕ್ಕೆ ಸೇರಿಕೊಂಡಿವೆ ಎಂದು ತಿಳಿಯಬೇಕು. ಇಂತಹ ಬೆರಕೆಗೆ ಅವಕಾಶ ಸಾಕಷ್ಟಿದೆ. ಉಪಗ್ರಹ ವೀಕ್ಷಣೆಯಂತೆ ಭೂಮಿಯ ಮೇಲೆ ಸರಾಸರಿ ಪ್ರತಿ ಸೆಕೆಂಡಿಗೆ ಸುಮಾರು 44 ಮಿಂಚುಗಳು ಹೊಳೆಯುತ್ತವೆ, ಒಂದೊಂದು ಮಿಂಚಿನಲ್ಲಿ ಹಲವು ಹೊಡೆತಗಳಿರುವುದೂ ಉಂಟು.

ಕೇಂದ್ರಗಳು ಹತ್ತಿರಹತ್ತಿರ ಇರುವ ಪ್ರದೇಶದಲ್ಲಿ ಈ ವಿಧಾನವು ಸಿಡಿಲಿನ ಸ್ಥಳವನ್ನು ಕೆಲವು ಕಿಲೋಮೀಟರುಗಳೊಳಗೆ ಹಿಡಿಯುತ್ತದೆ. ಕೇಂದ್ರಗಳು ವಿರಳವಾಗಿದ್ದರೆ ಅಥವಾ ಎಲ್ಲವೂ ಸಿಡಿಲಿನ ಒಂದೇ ಮಗ್ಗುಲಲ್ಲಿದ್ದರೆ ಬಾಗಿದ ಗೆರೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಒರಗಿಕೊಂಡು, ಸಂಧಿಸುವ ಬಿಂದು ಅಸ್ಪಷ್ಟವಾಗುತ್ತದೆ. ಸಿಡಿಲನ್ನು ಸುತ್ತುವರಿದ ಪೆಟ್ಟಿಗೆಗಳೇ ಒಳ್ಳೆಯ ಸಾಕ್ಷಿಗಳು. ತೀರಾ ಪಕ್ಕದಲ್ಲಿರುವ ಪೆಟ್ಟಿಗೆಯಲ್ಲಿ ಸಂಕೇತ ಮಿತಿ ಮೀರಿ ವಿಕಾರಗೊಳ್ಳುವುದುಂಟು, ಕರೆಂಟು ಹೋಗಿ ಅದು ಮೂಕವಾಗುವುದೂ ಉಂಟು. ಅದರಿಂದ ನಷ್ಟವಿಲ್ಲ. ನೂರು, ಮುನ್ನೂರು ಕಿಲೋಮೀಟರು ಆಚೆಯ ಊರುಗಳಲ್ಲಿ, ಒಣ ಆಕಾಶದ ಕೆಳಗೆ ಕುಳಿತ ಪೆಟ್ಟಿಗೆಗಳು ಲೆಕ್ಕ ಬರೆಯುತ್ತಿರುತ್ತವೆ. ಮನೆಯ ಪೆಟ್ಟಿಗೆ ಹೆಚ್ಚಾಗಿ ಪರರ ಉಪಯೋಗಕ್ಕೇ ಎಂದು ಮೇಲೆ ಹೇಳಿದ್ದರ ಅರ್ಥ ಇದು.

ಗಡಿಯಾರದ ಬೆಲೆ ಇಳಿದ ಕಥೆ

ಈ ಲೆಕ್ಕದ ಜೀವಾಳ ಗಡಿಯಾರ. ಒಂದು ಕೇಂದ್ರದ ಗಡಿಯಾರ ಸೆಕೆಂಡಿನ ಸಾವಿರದ ಒಂದು ಭಾಗ ಮುಂದಿದ್ದರೂ ಲೆಕ್ಕದಲ್ಲಿ 300 ಕಿಲೋಮೀಟರಿನ ತಪ್ಪು ಸೇರಿಕೊಳ್ಳುತ್ತದೆ. ಅಂತರಜಾಲದ ಮೂಲಕ ವೇಳೆ ಸರಿಪಡಿಸಿಕೊಳ್ಳುವ ಸಾಮಾನ್ಯ ಗಣಕ ಇದಕ್ಕಿಂತ ಹೆಚ್ಚು ತಪ್ಪುವುದು ಸಹಜ. ಹಿಂದೆ ಇಂತಹ ನಿಖರತೆ ಬೇಕಾದರೆ ಪರಮಾಣು ಗಡಿಯಾರವೇ ಬೇಕಿತ್ತು, ಅದು ಖಾಸಗಿ ವ್ಯಕ್ತಿಯ ಕೈಗೆಟುಕುವ ವಸ್ತುವಾಗಿರಲಿಲ್ಲ.

ಪರಿಸ್ಥಿತಿಯನ್ನು ಬದಲಿಸಿದ್ದು ಜಿ.ಪಿ.ಎಸ್. ಲಾರಿ ಎಲ್ಲಿದೆಯೆಂದು ತಿಳಿಸುವ ಈ ಸಾಧನ ಮೂಲತಃ ಗಡಿಯಾರಗಳ ವ್ಯವಸ್ಥೆ. ಪ್ರತಿ ಉಪಗ್ರಹದಲ್ಲೂ ಪರಮಾಣು ಗಡಿಯಾರವಿದೆ. ನಾಗರಿಕ ಬಳಕೆಯ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿದ್ದ ಕ್ರಮವನ್ನು ಅಮೆರಿಕ ಸರ್ಕಾರ 2000ರ ಮೇ ತಿಂಗಳಲ್ಲಿ ನಿಲ್ಲಿಸಿತು. ಅಲ್ಲಿಂದಾಚೆಗೆ ಅಗ್ಗದ ಜಿ.ಪಿ.ಎಸ್. ತುಣುಕು ಕೂಡ ಪ್ರತಿ ಸೆಕೆಂಡಿನ ಆರಂಭಕ್ಕೆ ಅತ್ಯಂತ ನಿಖರವಾದ ಒಂದು ಮಿಡಿತವನ್ನು ನೀಡುತ್ತದೆ. ಪೆಟ್ಟಿಗೆಯೊಳಗಿನ ಸೂಕ್ಷ್ಮ ನಿಯಂತ್ರಕವು ಒಂದು ಮಿಡಿತದಿಂದ ಇನ್ನೊಂದಕ್ಕೆ ನಡುವಿನ ಕಾಲವನ್ನು ಎಣಿಸುತ್ತಿರುತ್ತದೆ. ಆಂಟೆನಾದಲ್ಲಿ ನಿಗದಿತ ಮಟ್ಟ ಮೀರಿದ ಅಲೆ ಕಾಣಿಸಿದೊಡನೆ ಅದರ ಆಕಾರ, ವೇಳೆ ಮತ್ತು ಕೇಂದ್ರದ ಸ್ಥಾನ ಮೂರನ್ನೂ ಪುಟ್ಟ ಚೀಟಿಯಾಗಿ ಮಾಡಿ ಸರ್ವರಿಗೆ ರವಾನಿಸುತ್ತದೆ. ಚೀಟಿ ಅಂತರಜಾಲದಲ್ಲಿ ಅರ್ಧ ಸೆಕೆಂಡು ತಡವಾಗಿ ತಲುಪಿದರೂ ಚಿಂತೆಯಿಲ್ಲ. ಸರಕು ಯಾವಾಗ ತಲುಪಿತೆಂಬುದಕ್ಕಿಂತ ಬಿಲ್ಲಿನ ಮೇಲಿನ ತಾರೀಖು ಮುಖ್ಯವಾದಂತೆ.

ಹಳೆಯ ಜಾಲಗಳು

ಮುಂದೆ ರೇಡಾರಿನಿಂದ ಹೆಸರಾದ ಬ್ರಿಟನ್ನಿನ ರಾಬರ್ಟ್ ವಾಟ್ಸನ್-ವಾಟ್, 1920ರ ದಶಕದಲ್ಲಿ ಕ್ಯಾಥೋಡ್ ಕಿರಣ ಕೊಳವೆಯ ಪರದೆಯ ಮೇಲೆ ಸಿಡಿಲಿನ ದಿಕ್ಕನ್ನು ತೋರಿಸುವ ಯಂತ್ರ ರೂಪಿಸಿದರು. ಬ್ರಿಟನ್ನಿನ ಹವಾಮಾನ ಕಚೇರಿ ದಶಕಗಳ ಕಾಲ ಈ ಬಗೆಯ ಕೇಂದ್ರಗಳನ್ನು ನಡೆಸಿ, 1980ರ ದಶಕದ ಕೊನೆಯಲ್ಲಿ ವೇಳೆಯ ವ್ಯತ್ಯಾಸದ ಸ್ವಯಂಚಾಲಿತ ಪದ್ಧತಿಗೆ ಬದಲಾಯಿತು. ಅಮೆರಿಕದಲ್ಲಿ 1970ರ ದಶಕದಲ್ಲಿ ಅರಿಜೋನಾದ ವಿಜ್ಞಾನಿಗಳು ಈ ತಂತ್ರಜ್ಞಾನವನ್ನು ಕಂಪನಿಯ ರೂಪಕ್ಕೆ ತಂದರು, 1989ರ ಹೊತ್ತಿಗೆ ಇಡೀ ದೇಶವನ್ನು ಆವರಿಸುವ ಜಾಲ ಸಿದ್ಧವಾಯಿತು. ಅದರ ಬೆಳವಣಿಗೆಗೆ ಹಣ ಒದಗಿಸಿದವರಲ್ಲಿ ವಿದ್ಯುತ್ ಕಂಪನಿಗಳ ಸಂಶೋಧನಾ ಸಂಸ್ಥೆ ಪ್ರಮುಖವಾದುದು ಎಂಬುದು ಗಮನಾರ್ಹ. ತಂತಿಮಾರ್ಗ ಎಲ್ಲಿ ಕಡಿಯಿತೆಂದು ಬೇಗ ತಿಳಿದಷ್ಟೂ ಅವುಗಳಿಗೆ ಉಳಿತಾಯ. ಜರ್ಮನಿಯಲ್ಲಿಯೂ 1990ರ ದಶಕದಿಂದ ಸೀಮೆನ್ಸ್ ಸಂಸ್ಥೆಯ ಬ್ಲಿಡ್ಸ್ ಎಂಬ ಸೇವೆ ಶುಲ್ಕ ಪಡೆದು ಸಿಡಿಲಿನ ಮಾಹಿತಿ ನೀಡುತ್ತಿತ್ತು.

ಹೀಗಿರುವಾಗ ವಾಂಕೆ ಮತ್ತು ಅವರ ಸಂಗಡಿಗರು ಹೊಸದಾಗಿ ಕಂಡುಹಿಡಿದದ್ದು ಭೌತಶಾಸ್ತ್ರದ ಸೂತ್ರವನ್ನಲ್ಲ. ಅದೇ ಸೂತ್ರವನ್ನು ಕೆಲವು ನೂರು ಯೂರೋ ವೆಚ್ಚದ ಪೆಟ್ಟಿಗೆಯೊಳಗೆ ಇಳಿಸಿದ್ದು, ಪೆಟ್ಟಿಗೆ ಇಟ್ಟುಕೊಳ್ಳುವವರಿಗೆ ಒಪ್ಪುವ ಕರಾರನ್ನು ರೂಪಿಸಿದ್ದು ಅವರ ಸಾಧನೆ.

ಕೊಡು-ಕೊಳ್ಳುವ ಕರಾರು

ಕರಾರು ಸರಳವಾಗಿದೆ. ಆಸಕ್ತರು ಬಿಡಿಭಾಗಗಳನ್ನು ಕೊಂಡು, ಸರ್ಕ್ಯೂಟ್ ಹಲಗೆಗೆ ಬೆಸುಗೆ ಹಾಕಿ, ಆಂಟೆನಾ ಜೋಡಿಸಿ, ಪೆಟ್ಟಿಗೆಯನ್ನು ಹಗಲಿರುಳು ಅಂತರಜಾಲಕ್ಕೆ ಸೇರಿಸಿಡಬೇಕು. ಅವರ ಕೇಂದ್ರ ಕಳಿಸುವ ಚೀಟಿಗಳಿಗೆ ಹಣ ಸಂದಾಯವಾಗುವುದಿಲ್ಲ, ಅವರಿಂದ ಸದಸ್ಯತ್ವ ಶುಲ್ಕವನ್ನೂ ಪಡೆಯುವುದಿಲ್ಲ. ಪ್ರತಿಯಾಗಿ ಇಡೀ ಜಾಲದ ಮೂಲ ಮಾಹಿತಿ ಅವರಿಗೆ ಲಭ್ಯ. ಪೆಟ್ಟಿಗೆ ಇಲ್ಲದವರೂ ನಕ್ಷೆಯನ್ನು ಉಚಿತವಾಗಿ ನೋಡಬಹುದು, ಆದರೆ ಮೂಲ ಮಾಹಿತಿ ಅವರಿಗೆ ಸಿಗದು. ಮತ್ತು ಈ ಮಾಹಿತಿಯನ್ನು ವಾಣಿಜ್ಯ ಉದ್ದೇಶಕ್ಕೆ ಬಳಸುವಂತಿಲ್ಲ.

ಯೂರೋಪಿನಲ್ಲಿ ಆರಂಭವಾದ ಜಾಲ ಉತ್ತರ ಅಮೆರಿಕ, ಆಸ್ಟ್ರೇಲಿಯಾ, ಏಷ್ಯಾಗಳಿಗೆ ಹಬ್ಬಿ ಇಂದು ನೂರಾರು ಕೇಂದ್ರಗಳನ್ನು ಹೊಂದಿದೆ. ಇದನ್ನು ಒಂದು ಸಂಸ್ಥೆಯೆಂದು ಭಾವಿಸಿ ಆಸ್ತಿ-ಹೊಣೆ ತಃಖ್ತೆ ಬರೆಯಹೊರಟರೆ ಬರೆಯುವುದು ಕಷ್ಟ. ಯಂತ್ರಗಳೆಲ್ಲ ಸದಸ್ಯರ ಆಸ್ತಿ, ಚಾಲನಾ ವೆಚ್ಚ ಸದಸ್ಯರದೇ. ಹುಟ್ಟುವ ಮೌಲ್ಯ ಮಾತ್ರ ಯಾರೊಬ್ಬರ ಪುಸ್ತಕದಲ್ಲೂ ಕಾಣುವುದಿಲ್ಲ. ಏಕೆಂದರೆ ಒಂಟಿ ಪೆಟ್ಟಿಗೆಯ ಚೀಟಿಗೆ ಬೆಲೆಯೇ ಇಲ್ಲ, ಇತರರ ಚೀಟಿಗಳ ಪಕ್ಕದಲ್ಲಿಟ್ಟಾಗ ಮಾತ್ರ ಅದಕ್ಕೆ ಬೆಲೆ. ವಾಣಿಜ್ಯ ನಿಷೇಧದ ಷರತ್ತು ಈ ಕಾರಣದಿಂದಲೇ ಅರ್ಥಪೂರ್ಣ. ಎಲ್ಲರೂ ಪುಕ್ಕಟೆ ಕೊಟ್ಟದ್ದನ್ನು ಒಬ್ಬರು ಮಾರತೊಡಗಿದರೆ ಉಳಿದವರು ಪೆಟ್ಟಿಗೆಯ ಪ್ಲಗ್ ಕೀಳಲು ಎಷ್ಟು ಹೊತ್ತು?

ಇದಕ್ಕೆ ಇನ್ನೊಂದು ಮುಖವೂ ಇದೆ. ಹಣ ಕೊಡದವರು ಸೇವೆಯ ಖಾತರಿಯನ್ನು ಕೇಳುವಂತಿಲ್ಲ. ಯಾವ ಸದಸ್ಯನೂ ಯಾವ ದಿನವೂ ಯಂತ್ರ ನಿಲ್ಲಿಸಬಹುದು. ಪ್ರಾಣ ಅಥವಾ ಆಸ್ತಿಯ ರಕ್ಷಣೆಗಾಗಿ ತನ್ನ ಮಾಹಿತಿಯನ್ನು ನೆಚ್ಚಬಾರದೆಂದು ಜಾಲವೇ ಸ್ಪಷ್ಟಪಡಿಸಿದೆ. ಇದು ವಕೀಲರು ಸೇರಿಸಿದ ಔಪಚಾರಿಕ ಸಾಲು ಎಂದು ಬದಿಗೆ ತಳ್ಳುವುದು ಸರಿಯಲ್ಲ.

ಗದ್ದಲದ ನಡುವೆ ಕಿವಿಗೊಡುವುದು

ಮನೆಯೊಳಗೆ ಕೆಳ ಕಂಪನಾಂಕದ ವಿದ್ಯುತ್ ಗದ್ದಲ ವಿಪರೀತ. ಮೊಬೈಲ್ ಚಾರ್ಜರ್, ಎಲ್.ಇ.ಡಿ. ದೀಪ, ಟಿ.ವಿ., ಟ್ಯೂಬ್‌ಲೈಟಿನ ಚೋಕ್, ಇನ್ವರ್ಟರ್ ಎಲ್ಲವೂ ಈ ಪಟ್ಟಿಯಲ್ಲಿ ಅಲೆ ಹೊಮ್ಮಿಸುತ್ತವೆ. ಆಂಟೆನಾವನ್ನು ಗೋಡೆಯ ವೈರಿಂಗಿನಿಂದ ದೂರ, ಅಟ್ಟದಲ್ಲೋ ತೋಟದ ಮೂಲೆಯಲ್ಲೋ ಇಡುವುದು ಇದೇ ಕಾರಣಕ್ಕೆ. ವೆಲ್ಡಿಂಗ್ ಯಂತ್ರವಿರುವ ಕಾರ್ಖಾನೆಯ ಶೆಡ್ಡು ಇದಕ್ಕೆ ಅತ್ಯಂತ ಕೆಟ್ಟ ಜಾಗ. ಗದ್ದಲದ ಕೇಂದ್ರ ಎಡೆಬಿಡದೆ ಸುಳ್ಳು ಚೀಟಿಗಳನ್ನು ಕಳಿಸತೊಡಗಿದಾಗ ಅದರ ಸಂಕೇತಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ಏರ್ಪಾಡು ಪೆಟ್ಟಿಗೆಯಲ್ಲೇ ಇದೆ. ಸ್ವಾರಸ್ಯವೆಂದರೆ ಚೋಕು ಹೊಮ್ಮಿಸಿದ ಸುಳ್ಳು ಸಂಕೇತ ಆ ಮನೆಯ ಪೆಟ್ಟಿಗೆಗೆ ಮಾತ್ರ ಕೇಳಿಸುತ್ತದೆ. ನೂರು ಕಿಲೋಮೀಟರು ಆಚೆಯ ಕೇಂದ್ರಗಳ ಪುಸ್ತಕದಲ್ಲಿ ಅದಕ್ಕೆ ಜೋಡಿ ನಮೂದು ಸಿಗದೆ ತಾನಾಗಿಯೇ ಬಿದ್ದುಹೋಗುತ್ತದೆ.

ನಮ್ಮ ಭಾಗದಲ್ಲಿ

ಬ್ಲಿಟ್ಸ್‌ಓರ್ಟುಂಗ್ ಕೇಂದ್ರಗಳು ದಟ್ಟವಾಗಿರುವುದು ಯೂರೋಪಿನಲ್ಲಿ. ಭಾರತದಲ್ಲಿ ಅವು ವಿರಳ. ಹೀಗಾಗಿ ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ ಕರ್ನಾಟಕದ ಮೇಲೆ ಏಳುವ ಗುಡುಗುಮಳೆಯಲ್ಲಿ ಪ್ರಬಲವಾದ ಹೊಡೆತಗಳು ನಕ್ಷೆಯಲ್ಲಿ ಕಂಡರೂ ದುರ್ಬಲವಾದವು ತಪ್ಪಿಹೋಗುವ ಸಂಭವ ಹೆಚ್ಚು. ನಕ್ಷೆ ಖಾಲಿಯಿದೆಯೆಂದ ಮಾತ್ರಕ್ಕೆ ಆಕಾಶ ಖಾಲಿಯೆಂದು ನಂಬುವಂತಿಲ್ಲ.

ಸಾರ್ವಜನಿಕರ ಎಚ್ಚರಿಕೆಗಾಗಿ ಇಲ್ಲಿ ಬೇರೆ ವ್ಯವಸ್ಥೆಗಳಿವೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯು ಮಹಾರಾಷ್ಟ್ರದಲ್ಲಿ ಆರಂಭಿಸಿದ ಸಿಡಿಲು ಪತ್ತೆ ಜಾಲವನ್ನು ದೇಶದ ಇತರ ಭಾಗಗಳಿಗೂ ವಿಸ್ತರಿಸಿ, ಅದರ ಆಧಾರದ ಮೇಲೆ ದಾಮಿನಿ ಎಂಬ ಮೊಬೈಲ್ ಆ್ಯಪ್ ನೀಡಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಸಿಡಿಲು ಎಂಬ ಹೆಸರಿನ ಆ್ಯಪ್ ರೂಪಿಸಿತು. ಇವುಗಳ ಯಂತ್ರಗಳೂ ಸಿಡಿಲಿನ ರೇಡಿಯೊ ಅಲೆಗಳನ್ನೇ ಹಿಡಿದು, ಹಲವು ಕೇಂದ್ರಗಳ ವೇಳೆ ತಾಳೆ ನೋಡಿ ಸ್ಥಳ ನಿರ್ಧರಿಸುತ್ತವೆ. ವ್ಯತ್ಯಾಸವಿರುವುದು ಯಂತ್ರದ ಒಡೆತನ ಮತ್ತು ಹೊಣೆಗಾರಿಕೆಯಲ್ಲಿ.

ಯಾವ ಜಾಲವೇ ಆಗಲಿ, ಅದು ತಿಳಿಸುವುದು ಬಿದ್ದ ಸಿಡಿಲನ್ನು. ಒಂದು ಮೋಡದ ಮೊದಲ ಸಿಡಿಲಿಗೆ ಇದರಿಂದ ಎಚ್ಚರಿಕೆ ದೊರೆಯಲಾರದು; ಮೋಡದ ಚಲನೆ ನೋಡಿ ಮುಂದಿನದನ್ನು ಊಹಿಸಬಹುದಷ್ಟೇ. ಅಲ್ಲದೆ ಮಳೆಯ ಸುಳಿವಿಲ್ಲದ ಕಡೆಯೂ, ಮೋಡದಿಂದ ಹತ್ತು ಕಿಲೋಮೀಟರಿಗಿಂತ ಆಚೆಗೂ ಸಿಡಿಲು ಬಿದ್ದ ಉದಾಹರಣೆಗಳಿವೆ. ಆದ್ದರಿಂದ ಗುಡುಗು ಕೇಳಿದೊಡನೆ ಬಯಲಿನ ಕೆಲಸ ನಿಲ್ಲಿಸಿ ಕಟ್ಟಡದೊಳಗೆ ಹೋಗುವುದು, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯುವುದು ಎಂಬ ನಿಯಮ ಆ್ಯಪ್ ಇದ್ದರೂ ಇಲ್ಲದಿದ್ದರೂ ಬದಲಾಗುವುದಿಲ್ಲ.

ವಿಮೆ ಮತ್ತು ಸಿಡಿಲಿನ ದಾಖಲೆ

ಸಿಡಿಲಿನ ಸ್ಥಳ ಮತ್ತು ವೇಳೆಯ ದಾಖಲೆಗೆ ಹಣದ ಬೆಲೆ ಬರುವುದು ವಿಮೆಯ ವ್ಯವಹಾರದಲ್ಲಿ. ಅಮೆರಿಕ ಮತ್ತು ಜರ್ಮನಿಯಲ್ಲಿ ಸಿಡಿಲಿನಿಂದ ನಷ್ಟವಾಯಿತೆಂದು ಕ್ಲೇಮು ಬಂದಾಗ, ಆ ದಿನ ಆ ವೇಳೆಗೆ ಆ ಸ್ಥಳದ ಸುತ್ತ ಸಿಡಿಲು ಬಿದ್ದಿತ್ತೇ ಎಂಬುದನ್ನು ವಿಮಾ ಕಂಪನಿಗಳು ಶುಲ್ಕ ತೆತ್ತು ವಾಣಿಜ್ಯ ಜಾಲಗಳಿಂದ ಪಡೆದು ಪರಿಶೀಲಿಸುತ್ತವೆ. ಉಚಿತ ಜಾಲದ ನಕ್ಷೆಯನ್ನು ಮುದ್ರಿಸಿ ಅರ್ಜಿಗೆ ಲಗತ್ತಿಸುವುದು ಅದಕ್ಕೆ ಬದಲಿಯಾಗುವುದಿಲ್ಲ, ಜಾಲದ ಷರತ್ತಿಗೂ ಅದು ಹೊಂದುವುದಿಲ್ಲ.

ನಮ್ಮ ವರ್ತಕರು ಗಮನಿಸಬೇಕಾದ ವಿಷಯ ಇದಕ್ಕೂ ಹಿಂದಿನದು. ಬೆಂಕಿ ವಿಮೆಯಲ್ಲಿ ಸಿಡಿಲು ಸೇರಿದೆ ಎಂಬುದು ಬಹುತೇಕರಿಗೆ ತಿಳಿದಿದೆ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ (ಒಂದು ಸ್ಥಳದಲ್ಲಿ ರೂ. 5 ಕೋಟಿವರೆಗಿನ ಮೌಲ್ಯಕ್ಕೆ) ಮತ್ತು ಭಾರತ್ ಲಘು ಉದ್ಯಮ ಸುರಕ್ಷಾ (ರೂ. 5 ಕೋಟಿ ಮೀರಿ ರೂ. 50 ಕೋಟಿವರೆಗೆ) ಪಾಲಿಸಿಗಳಲ್ಲಿಯೂ ಸಿಡಿಲಿನ ನಷ್ಟಕ್ಕೆ ರಕ್ಷಣೆಯಿದೆ. ಸಿಡಿಲು ಬಿದ್ದು ಗೋದಾಮಿನ ಛಾವಣಿ ಒಡೆದರೆ, ಹತ್ತಿ ಮೂಟೆಗಳಿಗೆ ಬೆಂಕಿ ತಗುಲಿದರೆ ಪರಿಹಾರಕ್ಕೆ ಅವಕಾಶವುಂಟು. ಆದರೆ ಬೆಂಕಿ ವಿಮೆಯ ಹೊರಗಿಡುವಿಕೆಗಳ ಪಟ್ಟಿಯಲ್ಲಿ, ಹೆಚ್ಚಿನವರು ಓದದೆ ಬಿಡುವ ಒಂದು ಕಲಮು ಇರುತ್ತದೆ. ಅತಿ ವೋಲ್ಟೇಜು, ಶಾರ್ಟ್ ಸರ್ಕ್ಯೂಟು, ವಿದ್ಯುತ್ ಸೋರಿಕೆ ಮುಂತಾದವುಗಳಿಂದ ವಿದ್ಯುತ್ ಯಂತ್ರಕ್ಕೇ ಆದ ಹಾನಿಗೆ, ಕಾರಣ ಸಿಡಿಲೇ ಆಗಿದ್ದರೂ, ಪರಿಹಾರವಿಲ್ಲ. ಆ ಯಂತ್ರದಿಂದ ಬೆಂಕಿ ಹರಡಿ ಪಕ್ಕದ ಯಂತ್ರ ಸುಟ್ಟರೆ ಪಕ್ಕದ್ದಕ್ಕೆ ಪರಿಹಾರ ದೊರೆಯಬಹುದು, ಮೊದಲು ಸುಟ್ಟದ್ದಕ್ಕೆ ದೊರೆಯುವುದಿಲ್ಲ.

ಸಣ್ಣ ಕಾರ್ಖಾನೆಗಳಲ್ಲಿ ಸಿಡಿಲಿನ ನಷ್ಟ ಬಹಳಷ್ಟು ಬಾರಿ ಬರುವುದು ಈ ಎರಡನೆಯ ದಾರಿಯಿಂದಲೇ: ಎಲ್ಲೋ ದೂರದಲ್ಲಿ ಬಿದ್ದ ಸಿಡಿಲು ವಿದ್ಯುತ್ ತಂತಿಯ ಮೂಲಕ ನುಗ್ಗಿ ಮೋಟಾರಿನ ನಿಯಂತ್ರಕ, ಸಿ.ಎನ್.ಸಿ. ಯಂತ್ರದ ಕಾರ್ಡು, ಬಿಲ್ಲಿಂಗ್ ಗಣಕಗಳನ್ನು ಸುಡುತ್ತದೆ. ಕಟ್ಟಡಕ್ಕೆ ಗೀರು ಬಿದ್ದಿರುವುದಿಲ್ಲ, ಪಾಲಿಸಿ ಕೈಯಲ್ಲಿರುತ್ತದೆ, ಕ್ಲೇಮು ತಿರಸ್ಕೃತವಾಗುತ್ತದೆ. ಇದಕ್ಕೆ ಯಂತ್ರ ಸ್ಥಗಿತ ವಿಮೆ ಅಥವಾ ಎಲೆಕ್ಟ್ರಾನಿಕ್ ಉಪಕರಣ ವಿಮೆಯನ್ನು ಪ್ರತ್ಯೇಕವಾಗಿ ಪಡೆದಿರಬೇಕಾಗುತ್ತದೆ. ಮೈನ್ಸ್ ಬೋರ್ಡಿನಲ್ಲಿ ಸರ್ಜ್ ರಕ್ಷಕ ಹಾಕಿಸಿ ಸರಿಯಾದ ಅರ್ಥಿಂಗ್ ಮಾಡಿಸುವ ಖರ್ಚು ಒಂದು ಸುಟ್ಟ ಕಾರ್ಡಿನ ಬೆಲೆಗಿಂತ ಸಾಮಾನ್ಯವಾಗಿ ಕಡಿಮೆ. ಇನ್ನೊಂದು ಸಂಗತಿ: ನಾಶವಾದ ಸರಕಿನ ಮೇಲಿನ ಹೂಡುವಳಿ ತೆರಿಗೆ ಜಮೆ ಜಿ.ಎಸ್.ಟಿ. ಕಾಯಿದೆಯ ಕಲಂ 17(5)ರಂತೆ ದೊರೆಯುವುದಿಲ್ಲವಾದ್ದರಿಂದ, ವಿಮಾ ಮೊತ್ತ ನಿಗದಿ ಮಾಡುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯುವುದು ಮೇಲು.

ನಷ್ಟ ಸಂಭವಿಸಿದ ದಿನ ಕೆಲವು ಕಾಗದಗಳು ಕೂಡಲೇ ಸಿದ್ಧವಾಗಬೇಕು. ಘಟನೆಯ ದಿನಾಂಕ ಮತ್ತು ವೇಳೆ ನಿಮಿಷ ಸಹಿತ. ಸುಟ್ಟ ಭಾಗವನ್ನು ಕದಲಿಸುವ ಮುನ್ನ ತೆಗೆದ ಛಾಯಾಚಿತ್ರ. ವಿದ್ಯುತ್ ಸರಬರಾಜು ಕಂಪನಿಗೆ ಕೊಟ್ಟ ದೂರಿನ ಸಂಖ್ಯೆ. ಯಂತ್ರದ ಸರ್ವಿಸ್ ಎಂಜಿನಿಯರ್ ಕೊಟ್ಟ ಲಿಖಿತ ವರದಿ. ಯಂತ್ರದ ಮೂಲ ಬಿಲ್ಲು. ಇವುಗಳಲ್ಲಿ ಮೊದಲನೆಯದನ್ನೇ ಜನ ಹೆಚ್ಚಾಗಿ ಮರೆಯುವುದು. ಸರ್ವೇಯರು ವಾರ ಕಳೆದು ಬಂದಾಗ "ಅಂದು ಸಂಜೆ ಮಳೆ ಬರುವ ಹೊತ್ತಿಗೆ" ಎಂಬ ಉತ್ತರ ಸಿಗುತ್ತದೆ. ಸಿಡಿಲು ಜಾಲಗಳ ದಾಖಲೆಗಳಲ್ಲಿ ಮಾತ್ರ ಅಂದಿನ ಪ್ರತಿ ಹೊಡೆತದ ವೇಳೆಯೂ ಸೆಕೆಂಡಿನ ಲೆಕ್ಕದಲ್ಲಿ ನಮೂದಾಗಿರುತ್ತದೆ.